ಕನ್ನಡದ ನಿಷೇಧ ಕ್ರಿಯಾಪದ

ನಮ್ಮ ಪ್ರಾಚೀನ ವೈಯಾಕರಣರು ಸಂಸ್ಕೃತದ ಅಳತೆಗೋಲಿನಿಂದಲೇ ಕನ್ನಡವನ್ನು ಅಳೆದರೆಂಬ ಆಕ್ಷೇಪಣೆಯು ಬಹುಕಾಲದಿಂದ ಕೇಳಿಬರುತ್ತಿರುವುದಷ್ಟೆ. ಪಾಠಶಾಲೆಯಲ್ಲಿ ತಿಙಂತಗಳನ್ನು ಬಾಯಿಪಾಠ ಮಾಡಿ ಬೆಳೆದ ನನಗೆ, ಕ್ರಿಯಾಪದದ ವಿಚಾರದಲ್ಲಿ ಈ ಮಾತು ಅನ್ಯಾಯವೆಂದೇ ತೋರುತ್ತದೆ.

ಪಾಣಿನಿಯು ಧಾತುವಿನ ಮೇಲೆ ಬರುವ ತಿಙ್ ಪ್ರತ್ಯಯಗಳನ್ನು 18 ಎಂದು ಎಣಿಸಿದನು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನಾದರೋ ಕನ್ನಡದ ಆಖ್ಯಾತವಿಭಕ್ತಿಗಳನ್ನು ಅಂ, ಅರ್, ಅಯ್, ಇರ್, ಎಂ, ಎವು ಎಂದು ಆರಕ್ಕೇ ನಿಲ್ಲಿಸಿದನು. ಇಲ್ಲದ ದ್ವಿವಚನವನ್ನು ಬಲಾತ್ಕಾರದಿಂದ ತುರುಕಲಿಲ್ಲ. 'ಗಚ್ಛತಿ' ಎಂದರೆ ಹೋಗುವುದು ಗಂಡೋ ಹೆಣ್ಣೋ ತಿಳಿಯದು. ಹೋದನು, ಹೋದಳು, ಹೋಯಿತು ಎಂದು ಕನ್ನಡದ ಕ್ರಿಯಾಪದವೇ ಹೇಳಿಬಿಡುತ್ತದೆ.

ನಿಜವಾದ ಪರೀಕ್ಷೆಯಿರುವುದು ನಿಷೇಧದಲ್ಲಿ. ಸಂಸ್ಕೃತದಲ್ಲಿ 'ನ ಕರೋತಿ' ಎಂದು ಒಂದು ಅವ್ಯಯವನ್ನು ಮುಂದಿಟ್ಟರೆ ಸಾಕು, ಕ್ರಿಯಾಪದವು ಕದಲುವುದಿಲ್ಲ. ಇಂಗ್ಲಿಷಿನಲ್ಲಿ 'ಡೂ' ಎಂಬ ಸಹಾಯಕನನ್ನು ಕರೆಯಬೇಕು. ಫಿನ್ನಿಷ್ ಭಾಷೆಯಲ್ಲಿ ಪುರುಷಭೇದವು ನಿಷೇಧಪದಕ್ಕೇ ಹತ್ತುವುದೊಂದು ವಿಚಿತ್ರ. ಕನ್ನಡದ ರೀತಿಯೇ ಬೇರೆ. ಧಾತುವಿಗೂ ಪುರುಷಪ್ರತ್ಯಯಕ್ಕೂ ನಡುವೆ ಕಾಲಸೂಚಕವಿದ್ದರೆ ಮಾಡಿದೆನು, ಮಾಡುವೆನು. ಅದನ್ನು ತೆಗೆದರೆ ಮಾಡೆನು! ಕಾಲವು ಹೋದೊಡನೆ ಕ್ರಿಯೆಯೂ ಹೋಯಿತು. ತೆಲುಗಿನ 'ಚೇಯನು', ಹಳೆಯ ತಮಿಳಿನ 'ಸೆಯ್ಯೇನ್' ಇದರ ಸೋದರರು. ಸಂಸ್ಕೃತದಲ್ಲಿ ಮಾದರಿಯೇ ಇಲ್ಲದ ಈ ರೂಪವನ್ನು ಕೇಶಿರಾಜನು ಕಡೆಗಣಿಸಲಿಲ್ಲ. ಪ್ರತಿಷೇಧವೆಂದು ಹೆಸರಿಟ್ಟು ಸ್ಥಾನ ಕೊಟ್ಟನು. 1604ರಲ್ಲಿ ಭಟ್ಟಾಕಳಂಕನು 592 ಸೂತ್ರಗಳನ್ನು ಸಂಸ್ಕೃತದಲ್ಲಿಯೇ ಬರೆದನು, ದಿಟ. ಆದರೆ ಸೂತ್ರದ ಭಾಷೆ ಯಾವುದಾದರೇನು, ವಿವರಿಸಿದುದು ಕನ್ನಡವನ್ನಲ್ಲವೆ?

ರೂಪವನ್ನು ಸಡಿಲಬಿಟ್ಟವರು ವೈಯಾಕರಣರಲ್ಲ, ನಾವು. 'ಮಾಡೆನು' ಹೋಗಿ 'ಮಾಡುವುದಿಲ್ಲ' ಬಂದಿತು. ಅದು ಸವೆದು 'ಮಾಡಲ್ಲ' ಆಯಿತು. ನಾನು ಮಾಡಲ್ಲ, ಅವಳು ಮಾಡಲ್ಲ, ಅವರು ಮಾಡಲ್ಲ: ಪುರುಷ, ಲಿಂಗ, ವಚನ ಮೂರೂ ಅಳಿಸಿಹೋದುವು. ಮಾಡೆನು, ಮಾಡೆವು ಎಂಬುದನ್ನು ಮಕ್ಕಳು ಇಂದು ನಿಷೇಧಾರ್ಥಕವೆಂಬ ಕೋಷ್ಟಕದಲ್ಲಿ ಉರುಹೊಡೆಯುತ್ತಾರೆ; ಅದು ತಮ್ಮ ಮನೆಯ ಮಾತೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಬಾರದು, ಕೂಡದು, ಆಗದು ಎಂಬುವು ಇನ್ನೂ ಉಳಿದಿವೆ. ಧಾರವಾಡದ ಕಡೆ 'ಒಲ್ಲೆ' ಉಂಟು. ನಮ್ಮ ಮೈಸೂರು ಸೀಮೆಯ ಹಿರಿಯರಲ್ಲಿ ಮತ್ತೊಂದುಂಟು. ಈ ಕೆಸರೆಯಲ್ಲಿ ಅಕ್ಷರವರಿಯದ ಮುದುಕಿಯೊಬ್ಬಳನ್ನು ಏನಾದರೂ ಕೇಳಿ ನೋಡಿ. ತಿಳಿಯದಿದ್ದರೆ 'ನಾ ಕಾಣೆ ಕಣಪ್ಪ' ಎನ್ನುತ್ತಾಳೆ. ಆ 'ಕಾಣೆ'ಯು ಕೇಶಿರಾಜನ ಪ್ರತಿಷೇಧವೇ.