ಆಮೆಯ ಹಿಂದೆ ನಡೆದು ನೋಡಿ

ಹೋದ ತಿಂಗಳು ಪುಣೆಯ ನಮ್ಮ ಮನೆಯಲ್ಲಿ ಐದನೇ ಕ್ಲಾಸಿನ ಮಗಳು ಬಾಯಿಪಾಠ ಮಾಡುತ್ತಿದ್ದಳು: ‘ಎಫ್‌ಡಿ ಅಂದರೆ ಫಾರ್ವರ್ಡ್, ಆರ್‌ಟಿ ಅಂದರೆ ರೈಟ್.’ ಮರುದಿನ ಕಂಪ್ಯೂಟರ್ ಪರೀಕ್ಷೆ. ಲೋಗೋ! ನಾನೂ ಶಾಲೆಯಲ್ಲಿ ಇದನ್ನೇ ಹೀಗೇ ಉರುಹೊಡೆದಿದ್ದೆ. ಅದರ ಚರಿತ್ರೆ ಓದಿದ್ದು ಮಾತ್ರ ಈಚೆಗೆ. ಓದಿದ ಮೇಲೆ ಇಬ್ಬರ ಮೇಲೂ ಮರುಕ ಹುಟ್ಟಿತು.

ಲೋಗೋ ಹುಟ್ಟಿದ್ದು 1967ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯಲ್ಲಿ ವಾಲಿ ಫ್ಯೂರ್‌ಜೈಗ್, ಸೀಮೋರ್ ಪೇಪರ್ಟ್, ಸಿಂಥಿಯಾ ಸೊಲೊಮನ್ ಮುಂತಾದವರು ಸೇರಿ ಕಟ್ಟಿದ ಭಾಷೆ. ಮೊದಲು ಅದರಲ್ಲಿ ಚಿತ್ರವೇ ಇರಲಿಲ್ಲ. ಮಕ್ಕಳು ಪದ, ವಾಕ್ಯಗಳನ್ನು ಜೋಡಿಸಿ ಆಡುತ್ತಿದ್ದರು. ಆಮೆ ಬಂದದ್ದು ಆಮೇಲೆ. ಆ ಕಾಲದ ಆಮೆಗಳಲ್ಲಿ ನೆಲದ ಮೇಲೆ ಓಡಾಡುವವೂ ಇದ್ದವು: ಗುಮ್ಮಟದಂಥ ಬೆನ್ನು, ಅಡಿಯಲ್ಲೊಂದು ಪೆನ್ನು, ಹರಡಿದ ಕಾಗದದ ಮೇಲೆ ಉರುಳುತ್ತಾ ಗೆರೆ ಎಳೆಯುವ ಯಂತ್ರ.

ಪೇಪರ್ಟ್ ಜಿನೀವಾದಲ್ಲಿ ಪಿಯಾಜೆ ಜೊತೆ ಕೆಲಸ ಮಾಡಿ ಬಂದವರು. ಗ್ರಾಫ್ ಹಾಳೆಯ ಬಿಂದುವಿಗೆ ಜಾಗ ಮಾತ್ರ ಇದೆ. ಆಮೆಗೆ ಮುಖ ಮಾಡಿದ ದಿಕ್ಕೂ ಇದೆ, ಮಗುವಿಗಿರುವ ಹಾಗೆ. ವೃತ್ತ ಬಿಡಿಸಲು ತಿಳಿಯದಿದ್ದರೆ ಎದ್ದು ನಡೆದು ನೋಡು. ಒಂದು ಹೆಜ್ಜೆ, ಚೂರು ತಿರುವು, ಮತ್ತೆ ಹೆಜ್ಜೆ. ಅವರ 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಜೀವಾಳವೇ ಇದು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಲ್ಲಿ ತಪ್ಪಿತೆಂದು ಹುಡುಕುವುದೇ ಪಾಠ.

ನಮ್ಮ ಲ್ಯಾಬಿಗೆ ಬರುವಷ್ಟರಲ್ಲಿ ಆಮೆ ಪರದೆಯ ಮೇಲಿನ ಪುಟಾಣಿ ತ್ರಿಕೋನವಾಗಿತ್ತು. ಒಂದು ಕಂಪ್ಯೂಟರಿಗೆ ನಾಲ್ವರು. ಬೋರ್ಡಿನ ಮೇಲಿದ್ದದ್ದನ್ನು ಟೈಪ್ ಮಾಡಿದರೆ ಚೌಕ ಬರುತ್ತಿತ್ತು, ಬೆಲ್ ಹೊಡೆಯುತ್ತಿತ್ತು.

ಅವತ್ತು ಪುಸ್ತಕ ಮುಚ್ಚಿಸಿ, ಮೂರೂ ಬದಿ ಸಮ ಇರುವ ತ್ರಿಕೋನ ಬಿಡಿಸು ಅಂದೆ. ‘ಮೂಲೆ 60 ಡಿಗ್ರಿ ಅಲ್ವಾ ಅಮ್ಮಾ?’ ಎಂದು ಸಲಸಲಕ್ಕೂ 60 ತಿರುಗಿಸಿದಳು. ಮೂರು ಗೆರೆ ಎಳೆದರೂ ಆಕಾರ ಕೂಡಿಕೊಳ್ಳಲಿಲ್ಲ, ಅರ್ಧ ಷಟ್ಕೋನವಾಗಿ ನಿಂತಿತು. ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಅದರ ಮೇಲೆ ನಡೆಸಿದೆ. ಮೂಲೆಗೆ ಬಂದವಳು ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕಾಯಿತು. 60 ಅಲ್ಲ, 120. ಒಳಗಿನ ಮೂಲೆ ಬೇರೆ, ಹೋಗುತ್ತಿದ್ದ ದಾರಿಯಿಂದ ಹೊರಳುವ ಅಳತೆಯೇ ಬೇರೆ. ಮೂರು ಸಲಕ್ಕೆ 360, ಅಂದರೆ ಒಂದು ಪೂರ್ತಿ ಸುತ್ತು. ‘ಚೌಕಕ್ಕೂ ಅಷ್ಟೇ! ಹಾಗಾದ್ರೆ ಐದು ಮೂಲೆಗೆ 72!’ ಎಂದು ಕಂಪ್ಯೂಟರಿಗೆ ಓಡಿದಳು.

ಮರುದಿನ ಪರೀಕ್ಷೆಯಲ್ಲಿ ಕೇಳಿದ್ದು: ‘ಪೆನ್‌ಅಪ್’ ಆದೇಶದ ಸಂಕ್ಷಿಪ್ತ ರೂಪ ಬರೆಯಿರಿ.