ಒಂಟಿ ವೆಂಕಟಪ್ಪ, ಎಲ್ಲರ ಗ್ಯಾಲರಿ

ಹುಕ್ಕೇರಿಯಲ್ಲಿ ಬೆಳೆದ ನನಗೆ ಚಿತ್ರವೆಂದರೆ ಅಂಗಡಿಯ ಬೋರ್ಡು, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಬಣ್ಣ, ಕ್ಯಾಲೆಂಡರಿನ ದೇವರು. ಆದಿಲ್‌ಶಾಹಿ ಕಾಲದ ಗುಮ್ಮಟಗಳ ನೆರಳಲ್ಲಿ ಆಡಿದ್ದೇವೆ. ಆದರೆ ಕಲಾ ಗ್ಯಾಲರಿಯ ಒಳಗೆ ಕಾಲಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಪದವಿ ಓದುವಾಗ ಒಮ್ಮೆ ಬೆಂಗಳೂರಿಗೆ ಹೋಗಿದ್ದೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಅಗ್ಗದ ಟಿಕೆಟ್ಟು ತೆಗೆದುಕೊಂಡು ಹೊಕ್ಕೆ. ಯಾರೂ ನನ್ನನ್ನು 'ನೀನ್ಯಾರು' ಎಂದು ಕೇಳಲಿಲ್ಲ. ಆ ಮಾತಿನ ಬೆಲೆ ಆಮೇಲೆ ತಿಳಿಯಿತು.

ಕೆ. ವೆಂಕಟಪ್ಪ 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಿಗೆ ಶಿಷ್ಯರಾದರು. ವೀಣೆ ಅವರನ್ನು ಎಷ್ಟು ಹಿಡಿಯಿತೆಂದರೆ, ಆ ಹುಚ್ಚನ್ನೇ ವಸ್ತುವಾಗಿಸಿ ಚಿತ್ರವೊಂದನ್ನು ಬರೆದರು. 1926ರಲ್ಲಿ ಊಟಿಯ ಬೆಟ್ಟ, ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿಕೊಟ್ಟರು. ಮದುವೆಯಾಗಲಿಲ್ಲ. ತಪ್ಪದೆ ದಿನಚರಿ ಬರೆಯುತ್ತಿದ್ದರು. ಕೆಲಸ, ಸಾಧನೆ, ದಿನಚರಿ, ಇಷ್ಟರಲ್ಲೇ ಅವರ ಲೋಕ.

ಇಂಥ ಒಂಟಿ ಬದುಕನ್ನು ನಾವು ಸುಲಭವಾಗಿ ತಪಸ್ಸು ಎಂದುಬಿಡುತ್ತೇವೆ. ನನಗೆ ಅದರೊಳಗಿನ ಒಂದು ಬಿರುಕು ಮುಖ್ಯವಾಗಿ ಕಾಣುತ್ತದೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅದರೊಂದಿಗೆ ಆಶ್ರಯದ ಎಳೆ ಕಡಿಯಿತು. ಉಬ್ಬುಶಿಲ್ಪಗಳ ಹಣದ ವಿಚಾರದಲ್ಲಿ ಅದೇ ಅರಮನೆಯ ಮೇಲೆ ದಾವೆ ಹೂಡುವ ಸ್ಥಿತಿ ಬಂತು. ದೊರೆ ಎಷ್ಟೇ ರಸಿಕನಾಗಿರಲಿ, ಅವನ ಮನಸ್ಸಿನ ಮೇಲೆ ನಿಂತ ಕಲೆಗೆ ಅವನು ಹೋದ ಮೇಲೆ ಕೇಳುವವರಿಲ್ಲ. ವೆಂಕಟಪ್ಪ 1965ರಲ್ಲಿ ತೀರಿಕೊಂಡರು.

ಮುಂದಿನ ದಶಕದಲ್ಲಿ ಸರ್ಕಾರ ಅವರ ಹೆಸರಿನಲ್ಲಿ ಗ್ಯಾಲರಿ ತೆರೆಯಿತು. ಅವರ ಚಿತ್ರಗಳು ಅಲ್ಲಿ ನೆಲೆ ಕಂಡವು. ಜೊತೆಗೆ ಹೊಸ ಕಲಾವಿದರು ಕಡಿಮೆ ಬಾಡಿಗೆಗೆ ಪ್ರದರ್ಶನ ಇಡುವ ಜಾಗವೂ ಆಯಿತು. ಅರಮನೆಯಿದ್ದ ಜಾಗಕ್ಕೆ ಈಗ ಸಾರ್ವಜನಿಕರು ಬಂದಿದ್ದರು.

ಪ್ರವಾಸೋದ್ಯಮ ಇಲಾಖೆಯ 'ದತ್ತು' ಯೋಜನೆಯಡಿ ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಹೊರಟಾಗ ಕಲಾವಿದರು ಎದ್ದುನಿಂತದ್ದು ಇದಕ್ಕಾಗಿಯೇ. 2016ರಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಫೋರಂ ಎಂಬ ಒಕ್ಕೂಟ ಕಟ್ಟಿ ಪ್ರತಿಭಟಿಸಿದರು. ಕಟ್ಟಡ ಸುಧಾರಿಸಬೇಕೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಸುಧಾರಿಸುವವರು ಯಜಮಾನರಾಗಬೇಕೆ ಎಂಬುದು ಪ್ರಶ್ನೆಯಾಗಿತ್ತು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಯಿತು.

ಗುಂಪಿನಿಂದ ದೂರವೇ ಉಳಿದ ಮನುಷ್ಯನ ಹೆಸರಿನಲ್ಲಿ ಗುಂಪು ಸೇರಿತಲ್ಲ ಎಂದು ಕೆಲವರಿಗೆ ನಗು ಬರಬಹುದು. ನನಗೆ ಇದು ಆ ಹಳೆಯ ದಾವೆಯ ಮುಂದುವರಿಕೆಯಂತೆ ಕಾಣುತ್ತದೆ. ಅಂದು ಒಬ್ಬರೇ ಕೇಳಿದ್ದರು, ಇಂದು ಹಲವರು ಕೇಳಿದರು. ಒಳ್ಳೆಯ ಪೋಷಕ ಸಿಕ್ಕರೆ ಸಾಕೇ, ಅಥವಾ ಕಲೆಗೂ ಕಲಾವಿದರಿಗೂ ಹಕ್ಕು ಎಂಬುದೊಂದು ಇದೆಯೇ?

ಹುಕ್ಕೇರಿಗೆ ಹೋದಾಗಲೆಲ್ಲ ಬಸ್ ನಿಲ್ದಾಣದ ಸುತ್ತ ಬೋರ್ಡು ಬರೆಯುವ ಹುಡುಗರನ್ನು ನೋಡುತ್ತೇನೆ. ಇವರಲ್ಲೊಬ್ಬ ನಾಳೆ ಬೆಂಗಳೂರಿನ ಬಸ್ಸು ಹತ್ತಿ ಹೋದರೆ, ಯಾರ ಶಿಫಾರಸೂ ಇಲ್ಲದೆ ಆ ಊಟಿಯ ಮಂಜಿನ ಮುಂದೆ ನಿಲ್ಲುವಂತಿರಬೇಕು. ನಾನು ನಿಂತಿದ್ದೆನಲ್ಲ, ಹಾಗೆ.