ಹತ್ತಿಯೊಳಗಿನ ಹೈಡ್ರೋಜನ್ ಮತ್ತು ಬೆಂಗಳೂರಿನ ಹರಿವ ನೀರು

ಹಾವೇರಿ ಜಿಲ್ಲೆಯ ಹಾನಗಲ್ಲಿನ ಭತ್ತ, ಹಿರೇಕೆರೂರು, ಶಿಗ್ಗಾಂವಿಯ ಹತ್ತಿ, ಸವಣೂರಿನ ವೀಳ್ಯದೆಲೆ. ಬೆಳೆ ಬೇರೆ ಬೇರೆಯಾದರೂ ಇವುಗಳೊಳಗಿನ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಇಲ್ಲವೇ ಅದಕ್ಕೂ ಹೆಚ್ಚು, ಹೈಡ್ರೋಜನ್. ಹತ್ತಿಯ ಸೆಲ್ಯುಲೋಸ್ ಸರಪಳಿಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುವುದೂ ಅದೇ. ಆದರೆ ಎಕ್ಸ್-ಕಿರಣ ಚದುರುವುದು ಎಲೆಕ್ಟ್ರಾನುಗಳಿಂದ. ಒಂದೇ ಎಲೆಕ್ಟ್ರಾನಿರುವ ಹೈಡ್ರೋಜನ್ ಅದಕ್ಕೆ ಕಂಡೂ ಕಾಣದಂತಿರುತ್ತದೆ. ನ್ಯೂಟ್ರಾನು ಹಾಗಲ್ಲ, ನೇರ ನ್ಯೂಕ್ಲಿಯಸ್ಸಿನಿಂದಲೇ ಚದುರುತ್ತದೆ.

ನ್ಯೂಟ್ರಾನಿನಿಂದ ಹೈಡ್ರೋಜನ್ ಕಾಣುವ ಕಥೆಯ ಒಂದು ಎಳೆ ಬೆಂಗಳೂರಿನದು. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ನ್ಯೂಕ್ಲಿಯರ್ ಕಾಂತೀಯ ಅನುರಣನವನ್ನು ಅಳೆದು ವರದಿ ಮಾಡಿದರು. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸೆಂದರೆ ಒಂದು ಪ್ರೋಟಾನು. ಪ್ರತಿ ಪ್ರೋಟಾನಿಗೂ ಸ್ಪಿನ್ ಇದೆ, ಹಾಗಾಗಿ ಅದೊಂದು ಪುಟ್ಟ ಕಾಂತ. ಆದರೆ ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲೂ, ಕೋಣೆಯ ಉಷ್ಣತೆಯಲ್ಲಿ, ಹತ್ತು ಲಕ್ಷ ಪ್ರೋಟಾನುಗಳಲ್ಲಿ ಒಂದು ದಿಕ್ಕಿಗೆ ಹೆಚ್ಚಾಗಿ ವಾಲಿರುವುದು ಮೂರೋ ನಾಲ್ಕೋ. ನಿಂತ ದ್ರವದಲ್ಲಿ, ಅನುರಣನ ಅಳೆಯಲು ಹಾಯಿಸುವ ರೇಡಿಯೋ ತರಂಗ ಆ ಅಲ್ಪ ಹೆಚ್ಚಳವನ್ನೂ ಅಳಿಸಿಬಿಡುತ್ತದೆ. ಹರಿವು ಹೊಸ ಪ್ರೋಟಾನುಗಳನ್ನು ತರುತ್ತಲೇ ಇದ್ದರೆ ಸಂಕೇತ ಬಲವಾಗಿ ಉಳಿಯುತ್ತದೆ.

ಅದೇ ಸಂಸ್ಥೆಯಲ್ಲಿ ಅನುರಣನದ ಮೇಲೆಯೇ ಪಿಎಚ್‌.ಡಿ. ಮಾಡಿದ ಆರ್. ಚಿದಂಬರಂ ಮುಂಬೈಯ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರ ಸೇರಿದರು. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಮತ್ತು ಸಂಗಡಿಗರು 1956ರಲ್ಲಿ ಅಲ್ಲಿ ನ್ಯೂಟ್ರಾನುಗಳನ್ನು ಕೊಡುವ ಅಪ್ಸರಾ ರಿಯಾಕ್ಟರನ್ನು ಚಾಲೂ ಮಾಡಿದ್ದರು. 1960ರಲ್ಲಿ ಸೈರಸ್ ರಿಯಾಕ್ಟರ್ ಬಂತು. 1970ರ ದಶಕದಲ್ಲಿ ಚಿದಂಬರಂ, ಸಿಕ್ಕಾ, ರಾಮನಾಧಂ ಅಮೈನೋ ಆಮ್ಲಗಳ ಹರಳುಗಳಲ್ಲಿ ಹೈಡ್ರೋಜನ್ ಎಲ್ಲೆಲ್ಲಿ ಕೂತಿದೆಯೆಂದು ನ್ಯೂಟ್ರಾನುಗಳಿಂದ ಗುರುತಿಸಿದರು. ಅಮೈನೋ ಆಮ್ಲಗಳಿಂದಲೇ ಕಟ್ಟಿದ ಪ್ರೋಟೀನಿನಲ್ಲಿ ಹೈಡ್ರೋಜನ್ ಹುಡುಕಲು ಈ ಅಳತೆಗಳೇ ಅಳತೆಗೋಲು.

ದೊಡ್ಡ ಪ್ರೋಟೀನಿಗೆ ಬಂದಾಗ ತೊಡಕು. ಸ್ಪಿನ್‌ಗಳು ದಿಕ್ಕಾಪಾಲಾಗಿದ್ದರೆ ಹೈಡ್ರೋಜನ್ ನ್ಯೂಟ್ರಾನುಗಳನ್ನು ಎಲ್ಲೆಡೆ ಎರಚಿ ಚಿತ್ರಕ್ಕೆ ಮಂಜು ಕವಿಸುತ್ತದೆ. ಹೈಡ್ರೋಜನ್ನಿನ ಬದಲು ಡ್ಯೂಟೀರಿಯಂ ಇಡುವುದು ಒಂದು ದಾರಿ, ದುಬಾರಿ ದಾರಿ. ಇನ್ನೊಂದು, ಸ್ಪಿನ್‌ಗಳನ್ನೇ ಸಾಲಾಗಿ ನಿಲ್ಲಿಸುವುದು. ಹರಳನ್ನು ಒಂದು ಕೆಲ್ವಿನ್ ಹತ್ತಿರಕ್ಕೆ ತಣಿಸಿ, ಮೈಕ್ರೋವೇವ್ ಹಾಯಿಸಿ, ಎಲೆಕ್ಟ್ರಾನುಗಳ ಶಿಸ್ತನ್ನು ಪ್ರೋಟಾನುಗಳಿಗೆ ದಾಟಿಸುತ್ತಾರೆ. ಎಲೆಕ್ಟ್ರಾನಿನಿಂದ ನ್ಯೂಕ್ಲಿಯಸ್ಸಿಗೆ ಹೀಗೆ ದಾಟಿಸಬಹುದೆಂದು 1953ರಲ್ಲಿ ಮೊದಲು ಹೇಳಿದವರು ಓವರ್‌ಹೌಸರ್.

ಫಲ ದೊಡ್ಡದು. ಚದುರಿಕೆಯ ಬಲವನ್ನು ಉದ್ದದಲ್ಲಿ ಅಳೆಯುತ್ತಾರೆ; ಸಾಮಾನ್ಯವಾಗಿ ಹೈಡ್ರೋಜನ್ನಿನದು -3.74 ಫೆಮ್ಟೋಮೀಟರ್. ನ್ಯೂಟ್ರಾನು, ಪ್ರೋಟಾನು ಎರಡರ ಸ್ಪಿನ್ನೂ ಪೂರ್ತಿ ಒಂದೇ ದಿಕ್ಕಿಗಿದ್ದರೆ ಅದು +10.8, ಎದುರುಬದುರಾದರೆ -18.3. ಇಂಗಾಲದ್ದು 6.65 ಮಾತ್ರ.

ಸ್ಪಿನ್ ಸಾಲುಗೂಡಿಸಿದ ಪ್ರೋಟಾನುಗಳ ಮೇಲೆ 1974ರಲ್ಲಿ ಹೇಟರ್, ಜೆಂಕಿನ್ ಮತ್ತು ವೈಟ್ ಇದನ್ನು ಪರೀಕ್ಷಿಸಿ ತೋರಿಸಿದರು. ಜರ್ಮನಿಯ ಸ್ಟೂರ್‌ಮನ್ ಇದನ್ನು ರೈಬೋಸೋಮಿನ ಅಧ್ಯಯನಕ್ಕೆ ಒಯ್ದರು. ಅಮೆರಿಕದ ಓಕ್‌ರಿಡ್ಜ್ ವಿಜ್ಞಾನಿಗಳು ಲೈಸೋಜೈಮ್ ಎಂಬ ಪ್ರೋಟೀನಿನ ಹರಳಿಗೆ.

ಹಾವೇರಿ ಜಿಲ್ಲೆಯ ಮೇಷ್ಟ್ರುಗಳು ಇನ್ನು ಮುಂದೆ ಹತ್ತಿಯ ಎಳೆ ಹಿಡಿದು ಸೆಲ್ಯುಲೋಸ್ ಪಾಠ ಮಾಡುವಾಗ, ಸೂರ್ಯನ್ ಅವರ ಹರಿವ ನೀರಿನ ಪ್ರಯೋಗವನ್ನೂ ಮಕ್ಕಳಿಗೆ ಹೇಳಲಿ.